ಕೊಟ್ಟಿಗೆಯಲ್ಲಿ ಶಾರ್ಟ್ ಆದರೆ ಇಡೀ ಮನೆಗೇಕೆ ಕತ್ತಲು?

ಶಿರಸಿ ಕಡೆಯ ಮನೆಗಳಲ್ಲಿ ಇದು ಸಾಮಾನ್ಯ. ಕೊಟ್ಟಿಗೆಗೆ ಹೋದ ವೈರನ್ನು ಇಲಿ ಕಡಿದು ಫೇಸು ನ್ಯೂಟ್ರಲ್ಲಿಗೆ ತಾಗುತ್ತದೆ. ಆಫ್ ಆಗಬೇಕಾದದ್ದು ಕೊಟ್ಟಿಗೆಯ 16 ಅಂಪೇರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಒಂದೇ, ಆದರೆ ಮೇನ್‌ನ 32 ಅಂಪೇರಿನದೂ ಜೊತೆಗೇ ಬೀಳುತ್ತದೆ. ಮೇಲೆ ದೊಡ್ಡದು, ಕೆಳಗೆ ಸಣ್ಣದು ಹಾಕಿದರೆ ಸಾಕು ಎಂಬ ಲೆಕ್ಕ ಓವರ್‌ಲೋಡಿಗೆ ಸರಿ, ಶಾರ್ಟಿಗೆ ಸಾಲದು.

ಎಂಸಿಬಿಯೊಳಗೆ ಎರಡು ವ್ಯವಸ್ಥೆಗಳಿವೆ. ಓವರ್‌ಲೋಡಾದರೆ ಲೋಹದ ಪಟ್ಟಿ ಕಾದು ಬಾಗಿ ನಿಧಾನಕ್ಕೆ ಬಿಡಿಸುತ್ತದೆ. ಶಾರ್ಟ್ ಆದರೆ ಕಾಯಿಲ್ ತಕ್ಷಣ ಎಳೆಯುತ್ತದೆ. ಕಾಯಿಲ್ ಎಳೆಯುವ ಮಟ್ಟ ಬಿ ಮಾದರಿಯಲ್ಲಿ ರೇಟಿಂಗಿನ 3ರಿಂದ 5 ಪಟ್ಟು, ಸಿ ಮಾದರಿಯಲ್ಲಿ 5ರಿಂದ 10, ಡಿ ಮಾದರಿಯಲ್ಲಿ 10ರಿಂದ 20. ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರಿನಿಂದ) ದೂರದ ಮನೆಯ ಬೋರ್ಡಿನಲ್ಲಿ ಶಾರ್ಟ್ ಕರೆಂಟು 500 ಅಂಪೇರ್ ಬರುತ್ತದೆ ಎಂದಿಟ್ಟುಕೊಳ್ಳಿ. ಸಿ16ಕ್ಕೆ, ಅಂದರೆ ಸಿ ಮಾದರಿಯ 16 ಅಂಪೇರಿನದಕ್ಕೆ, 160 ಸಾಕು, ಸಿ32ಕ್ಕೆ 320 ಸಾಕು. ಎರಡಕ್ಕೂ 500 ಹೆಚ್ಚೇ ಆಯಿತು, ಎರಡೂ ಬೀಳುತ್ತವೆ.

ಮೇಲೆ, ಅಂದರೆ ಮೇನ್‌ನಲ್ಲಿ, ಎಚ್‌ಆರ್‌ಸಿ ಫ್ಯೂಜ್ (ದೊಡ್ಡ ಶಾರ್ಟ್ ಕರೆಂಟನ್ನೂ ಕಡಿಯಬಲ್ಲ ಮುಚ್ಚಿದ ಫ್ಯೂಜ್) ಇದ್ದರೆ ಲೆಕ್ಕವೇ ಬೇರೆ. ಅಲ್ಲಿ ನೋಡಬೇಕಾದದ್ದು ಕರೆಂಟಿನ ವರ್ಗವನ್ನು ಸಮಯದಿಂದ ಗುಣಿಸಿದ ಮೊತ್ತ. ಅರ್ಧ ಸೈಕಲ್, ಅಂದರೆ 10 ಮಿಲಿಸೆಕೆಂಡಿನಲ್ಲಿ 500 ಅಂಪೇರ್ ಹರಿದರೆ 2500. 32 ಅಂಪೇರಿನ ಜಿಜಿ (ಸಾಮಾನ್ಯ ಬಳಕೆಯ) ಮಾದರಿಯ ಎಚ್‌ಆರ್‌ಸಿ ಫ್ಯೂಜ್ 1800ರಿಂದಲೇ ಕರಗಲು ಶುರುವಾಗಬಹುದು, ಹಾಗಾಗಿ ಅದೂ ಎಂಸಿಬಿಯ ಜೊತೆ ಹೋಗಬಹುದು. 63 ಅಂಪೇರಿನದು 9000ದವರೆಗೂ ತಡೆಯುತ್ತದೆ. ಕೊಟ್ಟಿಗೆಯ ಎಂಸಿಬಿ ಮಾತ್ರ ಬಿದ್ದು ಮನೆಯ ದೀಪ ಉಳಿಯುತ್ತದೆ. ಆದರೆ 63 ಹಾಕುವುದಾದರೆ ಅದರಿಂದ ಹೊರಟ ತಂತಿಯೂ ಅಷ್ಟು ಕರೆಂಟು ತಾಳುವ ದಪ್ಪದ್ದಿರಬೇಕು, ಇಲ್ಲವಾದರೆ ಫ್ಯೂಜಿಗೂ ಮೊದಲು ತಂತಿಯೇ ಸುಡುತ್ತದೆ. ಹೆಸ್ಕಾಂ ಸೀಲ್ ಮಾಡಿದ ಭಾಗಕ್ಕೆ ಕೈ ಹಾಕಬೇಡಿ. ಕಿಟ್‌ಕ್ಯಾಟ್ ಫ್ಯೂಜನ್ನು (ನಾವೇ ತಂತಿ ಕಟ್ಟುವ ಪಿಂಗಾಣಿ ಫ್ಯೂಜನ್ನು) ಈ ಲೆಕ್ಕಕ್ಕೆ ನಂಬುವಂತಿಲ್ಲ: 15 ಅಂಪೇರಿಗೆಂದು ಕಟ್ಟುವ ಅರ್ಧ ಮಿಲಿಮೀಟರಿನ ತವರ ಲೇಪಿತ ತಂತಿ ಕರಗಲು ಸುಮಾರು 30 ಬೇಕು. ಹೋಗಿ ಹೋಗಿ ಬೇಸತ್ತು ಮೂರೆಳೆ ಕಟ್ಟಿದರೆ ಫ್ಯೂಜು ಇದ್ದೂ ಇಲ್ಲದಂತೆ.

ನಿಜವಾದ ಅಪಾಯ ತೋಟದ ತುದಿಯಲ್ಲಿದೆ. ಮನೆಯಿಂದ 200 ಮೀಟರ್ ಕೆಳಗಿನ ಪಂಪಿಗೆ 2.5 ಚದರ ಮಿಲಿಮೀಟರಿನ ತಾಮ್ರದ ಸಿಂಗಲ್ ಫೇಸ್ ಲೈನು ಎಳೆದಿದ್ದರೆ, ಹೋಗಿ ಬರುವ 400 ಮೀಟರಿಗೆ ಸುಮಾರು 2.96 ಓಮ್. ಮನೆವರೆಗಿನ 0.46 (230 ವೋಲ್ಟನ್ನು ಮೇಲಿನ 500 ಅಂಪೇರಿನಿಂದ ಭಾಗಿಸಿದ್ದು) ಸೇರಿಸಿದರೆ 3.42. 230 ವೋಲ್ಟಿಗೆ 67 ಅಂಪೇರ್ ಮಾತ್ರ! ಸಿ16ರ ಕಾಯಿಲ್ ಅಲುಗುವುದೂ ಇಲ್ಲ, ಪಟ್ಟಿ ಕಾಯುವವರೆಗೆ ಹಲವು ಸೆಕೆಂಡ್ ತಂತಿ ಕಾದುಕೊಂಡೇ ಇರುತ್ತದೆ. ಅದನ್ನೇ 4 ಚದರ ಮಿಲಿಮೀಟರ್ ಮಾಡಿದರೆ 100 ಅಂಪೇರ್ ಬರುತ್ತದೆ. ಬಿ16ಕ್ಕೆ 80 ಸಾಕು, ತಂತಿ ಬಿಸಿಯಾಗಿ ರೆಸಿಸ್ಟೆನ್ಸ್ ಏರಿದರೂ ಕೂಡಲೇ ಬೀಳುತ್ತದೆ. ಬಿ ಹಾಕುವ ಮುನ್ನ ಪಂಪಿನ ಸ್ಟಾರ್ಟಿಂಗ್ ಕರೆಂಟು 48 (16ರ 3 ಪಟ್ಟು) ದಾಟುತ್ತದೆಯೇ ನೋಡಿ. ದಾಟಿದರೆ ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಟ್ರಿಪ್.

ಫೇಸು ಪಂಪಿನ ಬಾಡಿಗೆ ತಾಗಿದಾಗಿನ ಮಾತು ಇನ್ನೂ ಗಂಭೀರ. ಬೇಸಿಗೆಯಲ್ಲಿ ಒಣಗಿದ ಚಿರೇಕಲ್ಲಿನ ನೆಲದಲ್ಲಿ ಅರ್ಥ್ ಪಿಟ್ 20 ಓಮ್ ತೋರಿಸಿದರೆ ಹರಿಯುವುದು 11 ಅಂಪೇರ್ ಚಿಲ್ಲರೆ. ಯಾವ 16ರ ಎಂಸಿಬಿಯೂ ಅದಕ್ಕೆ ಎಂದಿಗೂ ಬೀಳದು, ಪಂಪು ಮುಟ್ಟಿದವರಿಗೆ ಶಾಕ್ ಖಚಿತ. ತೋಟದ ಲೈನಿಗೆ 30 ಮಿಲಿಅಂಪೇರಿನ ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ಬೀಳುವ ಸ್ವಿಚ್) ಬೇಕೇ ಬೇಕು. ಮೇನ್‌ಗೂ 30ರದನ್ನೇ ಹಾಕಿದರೆ ಮತ್ತೆ ಎರಡೂ ಒಟ್ಟಿಗೆ ಬೀಳುತ್ತವೆ. ಅಲ್ಲಿಗೆ ತಡವಾಗಿ ಬೀಳುವ ಎಸ್ ಮಾದರಿಯ 100 ಮಿಲಿಅಂಪೇರಿನದು ಸರಿ.

ಕಾರವಾರ, ಅಂಕೋಲೆಯ ಕಡಲ ಅಂಚಿನಲ್ಲಿ ಇನ್ನೊಂದು ಕಾಟ. ಉಪ್ಪುಗಾಳಿಗೆ ಟರ್ಮಿನಲ್ಲಿನ ತಾಮ್ರ ಹಸಿರು ಕಿಲುಬು ಹಿಡಿಯುತ್ತದೆ, ಹಿಡಿತ ಸಡಿಲವಾಗಿ ಅಲ್ಲೇ ಕಾಯುತ್ತದೆ. ಆ ಕಾವು ಎಂಸಿಬಿಯ ಪಟ್ಟಿಗೆ ತಗಲಿ ಲೋಡು ಕಡಿಮೆಯಿದ್ದರೂ ಟ್ರಿಪ್ ಆಗುತ್ತದೆ. ಆಗ ದೊಡ್ಡ ಎಂಸಿಬಿ ತಂದು ಹಾಕಬೇಡಿ. ಮೇನ್ ಆಫ್ ಮಾಡಿ, ಟೆಸ್ಟರಿನಲ್ಲಿ ಖಾತ್ರಿ ಮಾಡಿಕೊಂಡು, ಕಿಲುಬು ಹಿಡಿದ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಹೊಸದಾಗಿ ಸುಲಿದು ಬಿಗಿಯಿರಿ.