ನೆತ್ತಿಯ ಗಂಟು

ಅತ್ತೆಯ ನೆತ್ತಿಯ ಹಿಂಭಾಗದ ಗಂಟನ್ನು ನೋಡಿದ ಮೊದಲ ಡಾಕ್ಟರು "ಕೊಬ್ಬಿನ ಗಂಟು, ಬೇಕಾದ್ರೆ ತೆಗೆಸಿ" ಅಂದರು. ಅವರನ್ನು ದೂರುವುದಿಲ್ಲ, ತಲೆಯಲ್ಲಿ ಏಳುವ ಗಂಟುಗಳು ಹೆಚ್ಚಾಗಿ ಅಪಾಯವಿಲ್ಲದವೇ. ಇದು ಅರ್ಧ ಅಡಿಕೆಯಷ್ಟಿತ್ತು. ಮೇಲಿನ ಕೂದಲುದುರಿ ಚರ್ಮ ಕೆಂಪಗೆ ಮಿರುಗುತ್ತಿತ್ತು, ನೋವಿಲ್ಲ. ಹಣಿಗೆ ತಾಗುತ್ತದೆ ಅನ್ನುವುದೊಂದೇ ಅತ್ತೆಯ ತಕರಾರು. "ಕೊಯ್ಲು ಮುಗೀಲಿ ಮಾರಾಯ್ತಿ" ಅಂತ ಮುಂದೂಡಿದರು.

ಕೊಯ್ಲು ಮುಗಿಸಿ ಶಿವಮೊಗ್ಗಕ್ಕೆ ಹೋದಾಗ ಸರ್ಜನ್ ಗಂಟಿಗಿಂತ ಮೊದಲು ನೋಡಿದ್ದು ಕುತ್ತಿಗೆಯ ಹಳೇ ಹೊಲಿಗೆಯ ಗೆರೆಯನ್ನು. "ಥೈರಾಯ್ಡ್ ಆಪರೇಷನ್, ಅದೆಲ್ಲ ಮುಗಿದ ಕತೆ" ಅಂದರು ಅತ್ತೆ. ಕ್ಯಾನ್ಸರಿಗೇ ಮಾಡಿದ್ದೆಂದು ನಾನು ಬಾಯಿ ಹಾಕಿದೆ. ಗಂಟಿಗೆ ಸೂಜಿ ಹಾಕಿ ತೆಗೆದದ್ದು ಲ್ಯಾಬಿಗೆ ಹೋಯಿತು, ರಕ್ತ ಥೈರೋಗ್ಲೋಬುಲಿನ್ ಪರೀಕ್ಷೆಗೆ. ಅದು ಥೈರಾಯ್ಡ್ ಕಣಗಳು ಮಾತ್ರ ಮಾಡುವ ಪ್ರೋಟೀನು. ಗ್ರಂಥಿ ಪೂರ್ತಿ ತೆಗೆದು ರೇಡಿಯೋ ಅಯೋಡಿನ್, ಅಂದರೆ ವಿಕಿರಣ ಸೂಸುವ ಅಯೋಡಿನ್ ಔಷಧಿ, ಕೊಟ್ಟವರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ ಇರಬೇಕು. ಅತ್ತೆಯದು ಏರಿತ್ತು. ನೆತ್ತಿಯ ಗಂಟು ಆ ಹಳೇ ಕ್ಯಾನ್ಸರೇ.

ಈ ಕ್ಯಾನ್ಸರ್ ದೂರಕ್ಕೆ ಹರಡಿದರೆ ಸಾಮಾನ್ಯವಾಗಿ ಶ್ವಾಸಕೋಶಕ್ಕೆ, ಮೂಳೆಗೆ. ಚರ್ಮಕ್ಕೆ ಬರುವುದು ಬಲು ಅಪರೂಪ. ಬಂದರೆ ನೆತ್ತಿಯಲ್ಲೇ ಹೆಚ್ಚು, ಅದೂ ಕೆಲವರಿಗೆ ಎಷ್ಟೋ ವರ್ಷದ ಮೇಲೆ.

ಗಂಟು ತೆಗೆದ ಮೇಲೆ ರೇಡಿಯೋ ಅಯೋಡಿನ್ ಅಂತ ಆಯಿತು. ಅದಕ್ಕೆ ಮುಂಚೆ ಎರಡು ವಾರ ಅಯೋಡಿನ್ ಉಪ್ಪು, ಹಾಲು, ಮೊಸರು ಬಂದ್. ಉಳಿದ ಕ್ಯಾನ್ಸರ್ ಕಣಗಳು ಅಯೋಡಿನ್‌ಗೆ ಹಸಿದಿದ್ದರೆ ಔಷಧಿಯನ್ನು ಚೆನ್ನಾಗಿ ಹೀರುತ್ತವಂತೆ. ಕ್ಯಾನ್ಸರ್ ಅಂದಾಗ ಸುಮ್ಮನಿದ್ದ ಅತ್ತೆ ಮಜ್ಜಿಗೆ ಇಲ್ಲವೆಂದಾಗ ಸಿಟ್ಟಾದರು. ಒಂದೆಲಗದ ತಂಬುಳಿಗೆ ಕಾಯಿಹಾಲು, ಮುರುಗಲ ಹುಳಿ ಹಾಕಿ ಕೊಟ್ಟೆ. ಎರಡು ತುತ್ತು ಉಂಡು, "ಚೆನ್ನಾಗಿದೆ, ಆದ್ರೆ ಇದಕ್ಕೆ ತಂಬುಳಿ ಅನ್ಬೇಡ" ಅಂದರು. ತೆಗೆದ ಗ್ರಂಥಿಯ ಬದಲಿಗೆ ದಿನಾ ನುಂಗುವ ಥೈರಾಕ್ಸಿನ್ ಮಾತ್ರೆಯನ್ನೂ ನಿಲ್ಲಿಸಿದ್ದರಿಂದ ಮೈಗೆ ಚಳಿ, ಮಾತು ನಿಧಾನ, ಇಡೀ ದಿನ ಬಚ್ಚಲೊಲೆಯ ಮುಂದೆ. ನನ್ನ ಕೇಳಿದರೆ ಆಪರೇಷನ್ನಿಗಿಂತ ಆ ದಿನಗಳೇ ಕಷ್ಟ.

ಆಗುಂಬೆ ಘಾಟಿ ಇಳಿದು ಆಸ್ಪತ್ರೆ ಸೇರಿದೆವು. ಒಂದು ಕ್ಯಾಪ್ಸೂಲ್ ನುಂಗಿಸಿ ಒಬ್ಬರನ್ನೇ ರೂಮಿನಲ್ಲಿಟ್ಟರು. ಫೋನಿನಲ್ಲಿ ಅತ್ತೆ ಕೇಳಿದ್ದೆಲ್ಲ ಕೊಟ್ಟಿಗೆಯ ಸುದ್ದಿ. ಮನೆಗೆ ಬಂದ ಮೇಲೂ ಕೆಲವು ದಿನ ಮೊಮ್ಮಗ ಜಗಲಿಯಿಂದಲೇ ಕೂಗಿ ಮಾತಾಡಬೇಕಿತ್ತು.

ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲೂ ಒಂದೆರಡು ಚುಕ್ಕೆ ಕಂಡವು. ಅವೂ ಅಯೋಡಿನ್ ಹೀರಿವೆ, ಅದು ಒಳ್ಳೆಯ ಲಕ್ಷಣವೇ ಅಂದರು. ಆರು ತಿಂಗಳಿಗೆ ಮತ್ತೆ ಥೈರೋಗ್ಲೋಬುಲಿನ್ ನೋಡಬೇಕು. ಆಗ ಇನ್ನೊಂದು ಡೋಸ್ ಬೇಕೋ ಬೇಡವೋ ಗೊತ್ತಾಗುತ್ತದೆ.