ಕ್ಯೂಬಾದ ಬ್ಯಾಲೆನ್ಸ್ ಶೀಟು ಕೈಗೆ ಬಂದಾಗ ಮೊದಲು ಕೇಳಬೇಕಾದ್ದು

ವಿದೇಶಿ ಖರೀದಿದಾರರ ಲೆಕ್ಕಪತ್ರ ನೋಡಿ, ಸಾಲದ ಮೇಲೆ ಮಾಲು ಕಳಿಸಬಹುದೇ ಬೇಡವೇ ಎಂದು ಹೇಳುವುದು ನಮ್ಮ ವಿಭಾಗದ ಕೆಲಸ. ಹೊಸದಾಗಿ ಸೇರಿದವರು ಕ್ಯೂಬಾದ ಕಡತವನ್ನೂ ಬೇರೆ ದೇಶದ ಕಡತದಂತೆಯೇ ಬಿಚ್ಚುತ್ತಾರೆ: ಲಾಭ ಎಷ್ಟು, ಮಾರ್ಜಿನ್ ಎಷ್ಟು, ಕೈಯಲ್ಲಿರುವ ನಗದು ಎಷ್ಟು. ಅಲ್ಲಿ ಈ ಮೂರೂ ಕೈಕೊಡುತ್ತವೆ. ಸರ್ಕಾರಿ ಉದ್ಯಮದ ಖಾತೆಯಲ್ಲಿ ಹಣ ಬಿದ್ದಿದ್ದರೂ ಅದನ್ನು ಮುಟ್ಟಲು ಹಂಚಿಕೆ ಬೇಕು. ಈ ವರ್ಷ ಇಷ್ಟು ಡೀಸೆಲ್, ಇಷ್ಟು ಟೈರು, ಇಷ್ಟು ಡಾಲರು ಎಂದು ಯೋಜನೆಯಲ್ಲಿ ಅವರ ಹೆಸರಿಗೆ ಬರೆದಿರಬೇಕು. ಹಾಗಾಗಿ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಇವರಿಗೆ ವಿದೇಶಿ ವಿನಿಮಯ ಹಂಚುವವರು ಯಾರು, ಆ ಸಾಲಿನಲ್ಲಿ ಇವರ ಸ್ಥಾನ ಎಷ್ಟನೆಯದು?

ಎರಡನೆಯದು, ಯಾವ ದರ? 1994ರಿಂದ 2020ರ ಕೊನೆಯವರೆಗೆ ಅಲ್ಲಿ ಎರಡು ಕರೆನ್ಸಿ ಇದ್ದವು. ಒಂದು ಸಾಮಾನ್ಯ ಪೆಸೊ, ಇನ್ನೊಂದು ಡಾಲರಿಗೆ ಸಮ ಎಂದು ಸಾರಿದ್ದ ಪರಿವರ್ತನೀಯ ಪೆಸೊ. ಜನ ವಿನಿಮಯ ಕೌಂಟರಿಗೆ ಹೋದರೆ ಒಂದು ಪರಿವರ್ತನೀಯ ಪೆಸೊಗೆ 24-25 ಸಾಮಾನ್ಯ ಪೆಸೊ. ಸರ್ಕಾರಿ ಉದ್ಯಮದ ಪುಸ್ತಕದಲ್ಲಿ ಮಾತ್ರ ಒಂದಕ್ಕೆ ಒಂದು. ಇದರ ಪರಿಣಾಮ ತಿಳಿಯಲು ಒಂದು ಮಾದರಿ ಲೆಕ್ಕ ಹಾಕಿ ನೋಡಿ. ಒಂದು ಕಾರ್ಖಾನೆ 600 ಪೆಸೊ ಸ್ಥಳೀಯ ಖರ್ಚು ಮಾಡಿ 100 ಡಾಲರಿನ ಮಾಲು ರಫ್ತು ಮಾಡುತ್ತದೆ. ಪುಸ್ತಕದಲ್ಲಿ ಆದಾಯ 100 ಪೆಸೊ, ನಷ್ಟ 500. ಅದೇ ಮಾಲನ್ನು 24ರ ದರದಲ್ಲಿ ಬರೆದಿದ್ದರೆ ಆದಾಯ 2,400, ಲಾಭ 1,800. ಪಕ್ಕದ ಉದ್ಯಮ 100 ಡಾಲರಿನ ಟೈರು ಆಮದು ಮಾಡಿಕೊಂಡು ಖರ್ಚು ಬರೀ 100 ಪೆಸೊ ಎಂದು ತೋರಿಸುತ್ತದೆ. ದೇಶಕ್ಕೆ ಡಾಲರು ತಂದವನು ನಷ್ಟದವನು, ಡಾಲರು ಖಾಲಿ ಮಾಡಿದವನು ಲಾಭದವನು! ಕಾಲು ಶತಮಾನ ಇದೇ ಲೆಕ್ಕ ನಡೆದರೆ, ಊರಿನ ಬೆಳೆಗಿಂತ ಹಡಗಿನ ಮೂಟೆಯೇ ಅಗ್ಗವಾಗಿ ಕಾಣುತ್ತದೆ. ಕ್ಯೂಬಾದ ಹೊಲಗಳ ಇಂದಿನ ಸ್ಥಿತಿಗೆ ಈ ಒಂದಕ್ಕೊಂದು ದರದ ಪಾಲು ದೊಡ್ಡದು ಎಂದೇ ನಮ್ಮ ಅಭಿಪ್ರಾಯ.

2021ರ ಜನವರಿ 1ಕ್ಕೆ ಪರಿವರ್ತನೀಯ ಪೆಸೊ ರದ್ದಾಗಿ ಎಲ್ಲರಿಗೂ 24ರ ದರ ಬಂತು. ಕನಿಷ್ಠ ವೇತನ ತಿಂಗಳಿಗೆ 2,100 ಪೆಸೊ ಆಯಿತು. ಸುಧಾರಣೆ ಸರಿಯಾದದ್ದೇ, ಬಂದ ಸಮಯ ಕೆಟ್ಟದ್ದು. ಕೋವಿಡ್‌ನಿಂದ ಪ್ರವಾಸೋದ್ಯಮ ನಿಂತಿತ್ತು. ಬ್ಯಾಂಕಿನಲ್ಲಿ 24ಕ್ಕೆ ಕೇಳಿದರೆ ಡಾಲರು ಸಿಗುತ್ತಿರಲಿಲ್ಲ. ಸಿಗದ ಸರಕಿಗೆ ಬೀದಿಯಲ್ಲಿ ಬೆಲೆ ಹುಟ್ಟಿತು. 2022ರ ಆಗಸ್ಟ್‌ನಲ್ಲಿ ಸರ್ಕಾರ ಜನರಿಗಾಗಿ 120ರ ದರ ತಂದಿತು, ಉದ್ಯಮಗಳಿಗೆ 24 ಹಾಗೇ ಉಳಿಯಿತು. 2024ರಲ್ಲಿ ಬೀದಿ ದರ 300 ದಾಟಿತು. ಆ ವರ್ಷದ ಯಾವುದೇ ಕಡತಕ್ಕೆ ಮೂರು ಕಾಲಮ್ಮು ಹಾಕಲೇಬೇಕು: 24, 120, ಬೀದಿ ದರ. ಪ್ರತಿ ಸಾಲಿನ ಮುಂದೆ ಆ ಹಣ ಯಾರಿಂದ ಯಾರಿಗೆ ಹೋಯಿತು ಎಂದು ಬರೆದರೆ ಯಾವ ಕಾಲಮ್ಮು ಸರಿ ಎಂದು ತಾನೇ ಗೊತ್ತಾಗುತ್ತದೆ.

ಹಂಚಿಕೆಯ ವಿಷಯಕ್ಕೆ ಮತ್ತೆ ಬರೋಣ. 2008ರ ಕೊನೆಯಲ್ಲಿ ಮತ್ತು 2009ರಲ್ಲಿ ವಿದೇಶಿ ಸರಬರಾಜುದಾರರಿಗೆ ಆದದ್ದು ಇದೇ. ಹವಾನಾದ ಬ್ಯಾಂಕಿನಲ್ಲಿ ಅವರ ಖಾತೆಗಳಿಗೆ ಹಣ ಜಮೆ ಆಗಿತ್ತು, ಸ್ಟೇಟ್‌ಮೆಂಟಿನಲ್ಲಿ ಶಿಲ್ಕು ಕಾಣುತ್ತಿತ್ತು, ದೇಶದಿಂದ ಹೊರಗೆ ಕಳಿಸಲು ಅನುಮತಿ ಮಾತ್ರ ಇರಲಿಲ್ಲ. ಜಮೆ ಆಯಿತು ಎಂದರೆ ಪಾವತಿ ಆಯಿತು ಎಂದು ಗುರುತು ಹಾಕಬೇಡಿ. ನಮ್ಮ ದೇಶದ ಬ್ಯಾಂಕಿಗೆ ಬಂದು ಮುಟ್ಟಿದ ಮೇಲೆಯೇ ಗುರುತು. ಎಲ್‌ಸಿ, ಅಂದರೆ ಖರೀದಿದಾರನ ಪರವಾಗಿ ಬ್ಯಾಂಕು ಹಣ ಕೊಡುವುದಾಗಿ ಬರೆದುಕೊಡುವ ಸಾಲಪತ್ರ, ಇದ್ದರೂ ಅದನ್ನು ಕ್ಯೂಬಾದ ಹೊರಗಿನ ಬ್ಯಾಂಕು ಕನ್‌ಫರ್ಮ್ ಮಾಡದಿದ್ದರೆ ಅದು ಭರವಸೆಯ ಪತ್ರ ಅಷ್ಟೇ.

ಅಮೆರಿಕದ ದಿಗ್ಬಂಧನವನ್ನು ಕೆಲವರು ಎಲ್ಲಕ್ಕೂ ಕಾರಣ ಎನ್ನುತ್ತಾರೆ, ಕೆಲವರು ನೆಪ ಎನ್ನುತ್ತಾರೆ. ಮಾಲು ಕಳಿಸುವವರಿಗೆ ಅದು ಖರ್ಚಿನ ಸಾಲು. 1962ರಿಂದ ಪೂರ್ಣ ರೂಪದಲ್ಲಿರುವ ಈ ನಿರ್ಬಂಧ ಮೂರು ಕಡೆ ಕಚ್ಚುತ್ತದೆ. ಡಾಲರಿನಲ್ಲಿ ಬಿಲ್ ಮಾಡಿದರೆ ಹಣ ನ್ಯೂಯಾರ್ಕ್ ಮೂಲಕ ಹಾಯಬೇಕು, ಅಲ್ಲಿ ಸಿಕ್ಕಿಬೀಳುತ್ತದೆ. ಆದ್ದರಿಂದ ಯೂರೋದಲ್ಲಿ ಬಿಲ್ ಮಾಡುವುದು ವಾಡಿಕೆ. ಕ್ಯೂಬಾಕ್ಕೆ ಸರಕು ಇಳಿಸಿದ ಹಡಗು ಸಾಮಾನ್ಯವಾಗಿ 180 ದಿನ ಅಮೆರಿಕದ ಬಂದರಿನಲ್ಲಿ ಸರಕು ಏರಿಳಿಸುವಂತಿಲ್ಲ, ಆ ನಷ್ಟವನ್ನು ಹಡಗಿನವರು ಬಾಡಿಗೆಗೆ ಸೇರಿಸುತ್ತಾರೆ. ಯಂತ್ರದಲ್ಲಿ ನಿಯಂತ್ರಿತ ಅಮೆರಿಕನ್ ಭಾಗಗಳ ಮೌಲ್ಯ ಶೇ. 10 ಮೀರಿದರೆ ಅಮೆರಿಕದ ಲೈಸೆನ್ಸ್ ಬೇಕು. ಒಂದು ಕಂಟ್ರೋಲ್ ಬೋರ್ಡು ಸಾಕು ಈ ಮಿತಿ ದಾಟಿಸಲು. ಇನ್ನೊಂದು ವಿಷಯ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. 2000ದ ಕಾನೂನಿನ ಪ್ರಕಾರ ಅಮೆರಿಕದ ರೈತರು ಕ್ಯೂಬಾಕ್ಕೆ ಆಹಾರ ಮಾರಬಹುದು, ಆದರೆ ಮುಂಗಡ ನಗದಿಗೆ ಅಥವಾ ಮೂರನೆಯ ದೇಶದ ಬ್ಯಾಂಕಿನ ಸಾಲದ ಮೇಲೆ ಮಾತ್ರ; ಅಮೆರಿಕದವರು ಸಾಲ ಕೊಡುವಂತಿಲ್ಲ. ಹಾಗಾಗಿ ಹವಾನಾದ ಕೈಗೆ ಬಂದ ಡಾಲರಿನಲ್ಲಿ ಮೊದಲ ಪಾಲು ಹೆಪ್ಪುಗಟ್ಟಿಸಿದ ಕೋಳಿಗೆ ಹೋಗುತ್ತದೆ. ಸಾಲ ಕೊಟ್ಟವರ ಇನ್‌ವಾಯ್ಸು ಅದರ ಹಿಂದೆ ನಿಲ್ಲುತ್ತದೆ.

ಸರ್ಕಾರದ ಕೈಯಲ್ಲಿ ಡಾಲರು ಉಳಿದಿದೆಯೇ ಎಂದು ತಿಳಿಯಲು ಅಂಕಿಅಂಶ ಇಲಾಖೆಯ ವರದಿಗೆ ಕಾಯುವ ಬದಲು ಪಡಿತರ ನೋಡಿ. 'ಲಿಬ್ರೆತಾ' ಎಂಬ ಸಣ್ಣ ಪುಸ್ತಕ 1962ರಿಂದ ಪ್ರತಿ ಮನೆಯಲ್ಲೂ ಇದೆ. ನಮ್ಮ ನ್ಯಾಯಬೆಲೆ ಅಂಗಡಿಯ ಹಾಗೆ ಬಡತನ ರೇಖೆಯ ಲೆಕ್ಕ ಅಲ್ಲಿಲ್ಲ. ಡಾಕ್ಟರಿಗೂ ಕಸ ಗುಡಿಸುವವರಿಗೂ ಒಂದೇ ಪುಸ್ತಕ. 'ಬೊದೆಗಾ' ಎಂಬ ಅಂಗಡಿಯವನು ತಿಂಗಳ ಅಂಕಣದಲ್ಲಿ ಅಕ್ಕಿ, ಸಕ್ಕರೆ, ಎಣ್ಣೆ ಕೊಟ್ಟದ್ದನ್ನು ಗುರುತು ಹಾಕುತ್ತಾನೆ. ತೂಕ ಈಗಲೂ ಪೌಂಡಿನಲ್ಲಿ. ತಲೆಗೆ ತಿಂಗಳಿಗೆ 7 ಪೌಂಡು ಅಕ್ಕಿ ಎಂದರೆ ಮೂರು ಕಿಲೋ ಚಿಲ್ಲರೆ. ಕಾಫಿ ಪುಡಿಯಲ್ಲಿ ಹುರಿದ ಬಟಾಣಿ ಬೆರೆತಿರುತ್ತದೆ. ಹಾಲು ಏಳು ವರ್ಷ ತುಂಬುವವರೆಗಿನ ಮಕ್ಕಳಿಗೆ. ದಿನಕ್ಕೊಂದು ಬನ್ನು, ಮೊದಲು 80 ಗ್ರಾಂ ಇತ್ತು.

2024ರ ಸೆಪ್ಟೆಂಬರ್‌ನಲ್ಲಿ ಆ ಬನ್ನು 60 ಗ್ರಾಂ ಆಯಿತು. ಸುಮಾರು ಒಂದು ಕೋಟಿ ಜನಸಂಖ್ಯೆ, ತಲೆಗೆ 20 ಗ್ರಾಂ ಉಳಿತಾಯ: ದಿನಕ್ಕೆ 200 ಟನ್. ಕ್ಯೂಬಾದ ಗೋಧಿಯೆಲ್ಲ ಹಡಗಿನಲ್ಲಿ ಬರಬೇಕು. ಮಗುವಿನ ಬೆಳಗಿನ ತಿಂಡಿಯಿಂದ ಕಾಲು ಭಾಗ ಕತ್ತರಿಸುವ ನಿರ್ಧಾರವನ್ನು ಯಾವ ಸರ್ಕಾರವೂ ಸುಮ್ಮನೆ ತೆಗೆದುಕೊಳ್ಳುವುದಿಲ್ಲ. ಹಿಟ್ಟಿಗೇ ಹಣ ಇಲ್ಲ ಎಂದ ಮೇಲೆ ಬೇರಿಂಗಿಗೆ ಎಲ್ಲಿಂದ ಬರಬೇಕು? ಮುಂದಿನ ತಿಂಗಳೇ, ಅಕ್ಟೋಬರ್ 18ರಂದು, ಮತಾನ್ಸಾಸ್‌ನ ಆಂತೋನಿಯೊ ಗಿತೆರಾಸ್ ಉಷ್ಣ ಸ್ಥಾವರ ನಿಂತು ಇಡೀ ದ್ವೀಪದ ಕರೆಂಟು ಹೋಯಿತು.

ಹೊಲದಿಂದ ಅಂಗಡಿಗೆ ಬರುವ ದಾರಿಯಲ್ಲೂ ಇದೇ ತೊಡಕು. 'ಅಕೋಪಿಯೊ' ಎಂಬ ಸರ್ಕಾರಿ ಸಂಗ್ರಹ ಸಂಸ್ಥೆ ರೈತರ ಜೊತೆ ಕರಾರು ಮಾಡಿ ಗೊತ್ತಾದ ಬೆಲೆಗೆ ಬೆಳೆ ಎತ್ತಬೇಕು. ಟೊಮೆಟೊ ಹಣ್ಣಾದ ದಿನ ಕ್ರೇಟು, ಲಾರಿ, ಡೀಸೆಲ್ ಮೂರೂ ಒಟ್ಟಿಗೆ ಹೊಲದ ಬದುವಿನಲ್ಲಿರಬೇಕು. ಮೂರರ ಹಂಚಿಕೆಯೂ ಬೇರೆ ಬೇರೆ ಕಡೆಯಿಂದ. ಒಂದು ತಪ್ಪಿದರೆ ಉಳಿದೆರಡು ಇದ್ದೂ ವ್ಯರ್ಥ, ಹಣ್ಣು ಹೊಲದಲ್ಲೇ ಕೊಳೆಯುತ್ತದೆ. ಹಣ ಸಿಗುವುದು ತಡವಾದರೆ ಮುಂದಿನ ವರ್ಷ ಅದೇ ರೈತ ಕಡಿಮೆ ನೆಡುತ್ತಾನೆ. ಆದ್ದರಿಂದ ಬಿತ್ತನೆಯ ವಿಸ್ತೀರ್ಣ ನೋಡಿ ಇಳುವರಿ ಊಹಿಸಬೇಡಿ.

ಸಕ್ಕರೆಯಲ್ಲಿ ಇದು ಇನ್ನೂ ಕ್ರೂರ. ಕಡಿದ ಕಬ್ಬು ಒಂದೆರಡು ದಿನದಲ್ಲಿ ಗಾಣಕ್ಕೆ ಬೀಳದಿದ್ದರೆ ಸಕ್ಕರೆ ಅಂಶ ಇಳಿಯುತ್ತದೆ. ಟ್ರ್ಯಾಕ್ಟರಿಗೆ ಟೈರಿಲ್ಲದೆ ಕಬ್ಬು ತಡವಾದರೆ ಕಾರ್ಖಾನೆ ನಿಲ್ಲುತ್ತದೆ. ನಿಂತರೆ ಬಾಯ್ಲರಿಗೆ ಉರುವಲಾಗುವ ಕಬ್ಬಿನ ಸಿಪ್ಪೆ ಇಲ್ಲ, ಸಿಪ್ಪೆ ಇಲ್ಲದೆ ಬಾಯ್ಲರ್ ಆರುತ್ತದೆ, ಮತ್ತೆ ಹೊತ್ತಿಸಲು ಬೇರೆ ಇಂಧನ ಬೇಕು, ಅದಕ್ಕೆ ಮತ್ತೆ ಹಂಚಿಕೆ. 1970ರಲ್ಲಿ ಒಂದು ಕೋಟಿ ಟನ್ ಗುರಿ ಇಟ್ಟು, ಬೇರೆ ವಲಯಗಳಿಂದ ಜನರನ್ನೂ ಲಾರಿಗಳನ್ನೂ ಎಳೆದು ತಂದು ಸುಮಾರು 85 ಲಕ್ಷ ಟನ್ ತೆಗೆದ ದೇಶ ಇದು. 2002ರಲ್ಲಿ 156 ಕಾರ್ಖಾನೆಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟನ್ನು ಮುಚ್ಚಿದರು. 2022-23ರ ಹಂಗಾಮಿನಲ್ಲಿ ಬಂದದ್ದು ಸುಮಾರು 3.5 ಲಕ್ಷ ಟನ್.

ಈಗ ಬರುವ ಹೊಸ ಕಡತಗಳು ಖಾಸಗಿಯವು. 2021ರಿಂದ ನೂರು ಜನರವರೆಗೆ ಕೆಲಸಕ್ಕೆ ಇಟ್ಟುಕೊಳ್ಳಬಹುದಾದ 'ಮಿಪಿಮೆ' ಕಂಪನಿಗಳಿಗೆ ಅನುಮತಿ ಸಿಕ್ಕಿತು. ಇವರು ಡಾಲರನ್ನು ಬೀದಿಯಲ್ಲಿ ಕೊಂಡು, ವಿದೇಶಿ ವ್ಯಾಪಾರದ ಪರವಾನಗಿ ಇರುವ ಸರ್ಕಾರಿ ಕಂಪನಿಯ ಹೆಸರಿನಲ್ಲಿ ಸರಕು ತರಿಸಿ, ಪೆಸೊಗೆ ಮಾರುತ್ತಾರೆ. ಕಾಗದದಲ್ಲಿ ಖರೀದಿದಾರನ ಜಾಗದಲ್ಲಿ ಸರ್ಕಾರಿ ಹೆಸರಿದ್ದರೂ ಹಣ ಕೊಡುವವನು ಬೇರೆ ಎಂಬುದು ನೆನಪಿರಲಿ. 2024ರ ಜುಲೈಯಲ್ಲಿ ಆರು ಸಾಮಾನುಗಳಿಗೆ ಸರ್ಕಾರ ಗರಿಷ್ಠ ಬೆಲೆ ಕಟ್ಟಿತು, ತುಂಡು ಮಾಡಿದ ಕೋಳಿ ಕಿಲೋಗೆ 680 ಪೆಸೊ. ಕನಿಷ್ಠ ವೇತನ ಪೂರ್ತಿ ಸುರಿದರೆ ಮೂರು ಕಿಲೋ. ಆ 680ನ್ನು 24ರಿಂದ ಭಾಗಿಸಿದರೆ 28 ಡಾಲರು, 120ರಿಂದ 5.67, 300ರಿಂದ 2.27. ಹಡಗಿನಲ್ಲಿ ಬಂದ ಕೋಳಿಯ ಬೆಲೆಗೆ ಹೊಂದುವುದು ಕೊನೆಯದು ಮಾತ್ರ. ಮಿಪಿಮೆಯ ಕಡತಕ್ಕೆ ಆ ಕಾಲಮ್ಮನ್ನೇ ಹಿಡಿಯಿರಿ.