ಊಟದ ಟೇಬಲ್ ಮೇಲೆ ಬೀಟಲ್

ಮೂರು ಭಾನುವಾರದಿಂದ ನಮ್ಮನೆ ಊಟ ನೆಲದ ಮೇಲೆ, ಟೇಬಲ್ ತುಂಬಾ 1:24 ಸ್ಕೇಲಿನ ಫೋಕ್ಸ್‌ವ್ಯಾಗನ್ ಬೀಟಲ್ ಮಾಡೆಲ್ ಕಾರಿನ ಬಿಡಿಭಾಗ ಹರಡ್ಕೊಂಡಿದೆ. ನಿಜವಾದ ಕಾರು 4 ಮೀಟರ್ ಚಿಲ್ರೆ ಉದ್ದ, ಇದು ಬರೀ 17 ಸೆಂಟಿಮೀಟರ್. ಹೋದ್ವಾರ ನಾನು ಕಿಟಕಿ ಗ್ಲಾಸಿಗೆ ಸೂಪರ್ ಗ್ಲೂ ಹಾಕ್ಬಿಟ್ಟೆ, ಬೆಳಗ್ಗೆ ನೋಡಿದ್ರೆ ಅದರ ಆವಿಗೆ ಗ್ಲಾಸ್ ಮೇಲೆಲ್ಲಾ ಬಿಳೀ ಮಂಜು ಕೂತಿತ್ತು, ಮಗಳು ಏನೂ ಅನ್ನದೆ 2000 ನಂಬರ್ ಸ್ಯಾಂಡ್‌ಪೇಪರ್ ನೆನೆಸಿ ಮೆಲ್ಲಗೆ ಉಜ್ಜಿ ಪಾಲಿಶ್ ಹಾಕಿ ಸರಿ ಮಾಡಿದ್ಲು. ಈಗ ಗ್ಲಾಸಿಗೆ ಫೆವಿಕಾಲ್ ಮಾತ್ರ, ಒಣಗಿದ್ಮೇಲೆ ಕಾಣ್ಸೋದೇ ಇಲ್ಲ.

ಇವತ್ತು ಇಂಜಿನ್ ಸರದಿ. ಹಳೇ ಇಯರ್‌ಫೋನ್ ಸೀಳಿ ಒಳಗಿನ ಕೂದಲೆಳೆಯಂಥ ತಂತಿ ತೆಗೆದು ನಾಲ್ಕು ಸ್ಪಾರ್ಕ್ ಪ್ಲಗ್ ವೈರ್ ಮಾಡ್ತಾ ಇದ್ವಿ, ಪೇಪರ್ ಓದ್ತಿದ್ದ ಅಪ್ಪ ಎದ್ದು ಬಂದು "ಹಾಗಲ್ಲ ಪುಟ್ಟಿ, ಬೀಟಲ್ ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರ್‌ಗಳಿಗೆ ಕಿಡಿ ಹೋಗೋ ಸರದಿ, 1-4-3-2, ಆ ವೈರ್ ಈ ಕಡೆ ಬರ್ಬೇಕು" ಅಂದ್ರು. ಅವರು ಗ್ಯಾರೇಜ್ ಮುಚ್ಚಿ ಹನ್ನೆರಡು ವರ್ಷ ಆಯ್ತು. ಚಿಕ್ಕೋನಿದ್ದಾಗ ಅವರ ಕೈಗೆ ಸ್ಪ್ಯಾನರ್ ಎತ್ಕೊಟ್ಟಿದೀನಿ, ಆದ್ರೆ ಇದು ಯಾಕೆ ಹೀಗೆ ಅಂತ ಒಂದಿನಾನೂ ಕೇಳ್ಲಿಲ್ಲ. ಮೊಮ್ಮಗಳು ಕೇಳ್ತಾನೇ ಇದ್ಲು, ಅಪ್ಪ ಹೇಳ್ತಾನೇ ಇದ್ರು, ಟ್ವೀಜರ್ ಹಿಡಿದ ಕೈ ಒಂಚೂರೂ ನಡುಗ್ಲಿಲ್ಲ.